ಲ್ಯಾಬ್ ಹುಡುಗರ ಕೈಗೆ ಸೂಜಿ ಕೊಡೋ ಮುಂಚೆ ಲಸಿಕೆ ಹಾಕ್ಸಿ

ಮಾನ್ಯ ಸಂಪಾದಕರೇ,

ನಾನು ತಾಲ್ಲೂಕು ಮಟ್ಟದ ಊರಲ್ಲಿ ಲ್ಯಾಬ್ ಟೆಕ್ನಿಷಿಯನ್. ಆಸ್ಪತ್ರೆ ಅಂದ್ರೆ ಡಾಕ್ಟ್ರು, ನರ್ಸು ನೆನಪಾಗ್ತಾರೆ, ರಕ್ತ ಕಫ ಎಲ್ಲಾ ಮುಟ್ಟಿ ರಿಪೋರ್ಟ್ ಕೊಡೋ ನಮ್ಮ ಆರೋಗ್ಯದ ಬಗ್ಗೆ, ಅದ್ರಲ್ಲೂ ರಕ್ತದಿಂದ ಹರಡೋ ಲಿವರ್ ಸೋಂಕು ಹೆಪಟೈಟಿಸ್ ಬಿ ತಡೆಯೋ ಲಸಿಕೆ ಬಗ್ಗೆ ಮಾತೇ ಬರಲ್ಲ, ಅದಕ್ಕೇ ಬರೀತಿದೀನಿ.

ಬೆಳಿಗ್ಗೆ ಫಾಸ್ಟಿಂಗ್ ಶುಗರ್‌ಗೆ ಬಂದವರು ಬಾಗಿಲ ತನಕ ನಿಂತಿರ್ತಾರೆ. ಆ ಗಡಿಬಿಡೀಲಿ ಟ್ರೈನಿ ಹುಡುಗಿ ರಕ್ತ ತೆಗೆದ ಸೂಜಿಗೆ ವಾಪಸ್ ಕ್ಯಾಪ್ ಹಾಕೋಕೆ ಹೋಗ್ತಾಳೆ, ಸೂಜಿ ಗ್ಲೌಸ್ ದಾಟಿ ಹೆಬ್ಬೆರಳಿಗೆ ಚುಚ್ಚುತ್ತೆ, ಬೆರಳು ಹಿಂಡಿ ಸ್ಪಿರಿಟ್ ಹಚ್ಕೊಂಡು ಮುಂದಿನ ಪೇಷೆಂಟ್ ಕರೀತಾಳೆ. ಯಾರಿಗೂ ಹೇಳಲ್ಲ, ಹೇಳಿದ್ರೆ ಬೈತಾರೆ ಅಂತ ಭಯ. ಹಿಂಡಬಾರದು, ಸೋಪು ನೀರಲ್ಲಿ ತೊಳೀಬೇಕು, ಆ ಪೇಷೆಂಟ್ ರಕ್ತಾನ ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಮೂರಕ್ಕೂ ಟೆಸ್ಟ್ ಮಾಡ್ಬೇಕು, ಎಚ್‌ಐವಿ ಅನುಮಾನ ಇದ್ರೆ ಆದಷ್ಟು ಬೇಗ, ಹೆಚ್ಚಂದ್ರೆ 72 ಗಂಟೆ ಒಳಗೆ ಮಾತ್ರೆ ಶುರು ಮಾಡಿ 28 ದಿನ ತಗೋಬೇಕು ಅಂತ ಅವಳಿಗೆ ಹೇಳ್ಕೊಟ್ಟವರೇ ಇಲ್ಲ.

ಎಲ್ರೂ ಹೆದರೋದು ಎಚ್‌ಐವಿಗೆ. ಆದ್ರೆ ಸೋಂಕಿತರಿಗೆ ಬಳಸಿದ ಸೂಜಿ ಚುಚ್ಚಿದ್ರೆ ಎಚ್‌ಐವಿ ಬರೋ ಸಾಧ್ಯತೆ 1000ಕ್ಕೆ ಸುಮಾರು 3, ಹೆಪಟೈಟಿಸ್ ಬಿ ಆದ್ರೆ ಲಸಿಕೆ ಇಲ್ಲದವರಿಗೆ 100ಕ್ಕೆ 30ರ ತನಕ ಹೋಗುತ್ತೆ! ಸೂಜೀನೇ ಚುಚ್ಚಬೇಕು ಅಂತಿಲ್ಲ, ಟೇಬಲ್ ಮೇಲೆ ಒಣಗಿದ ರಕ್ತದಲ್ಲೂ ಹೆಪಟೈಟಿಸ್ ಬಿ ವೈರಸ್ ಕನಿಷ್ಠ 7 ದಿನ ಬದುಕಿರುತ್ತೆ, ಕೈಯಲ್ಲಿ ಸಣ್ಣ ಗಾಯ ಇದ್ರೂ ಸಾಕು. ಅಂಥದ್ರಲ್ಲಿ ಸ್ಯಾಂಪಲ್ ಇಡೋ ಫ್ರಿಡ್ಜಲ್ಲೇ ಊಟದ ಡಬ್ಬಿ ಇಡೋದನ್ನ ನಾನೇ ನೋಡಿದೀನಿ, ರಕ್ತದ ಟ್ಯೂಬನ್ನ ಜೋರಾಗಿ ತಿರುಗಿಸೋ ಸೆಂಟ್ರಿಫ್ಯೂಜ್ ಮೆಷಿನ್ ಒಳಗೆ ಟ್ಯೂಬ್ ಒಡೆದಾಗ ಅರ್ಧ ಗಂಟೆ ಕಾಯದೆ ತಕ್ಷಣ ಮುಚ್ಚಳ ತೆಗೆದು ಬರೀ ಬಟ್ಟೇಲಿ ಒರೆಸೋದನ್ನೂ ನೋಡಿದೀನಿ. ಇನ್ನು ಕಫದ ಸ್ಯಾಂಪಲ್ ನೋಡೋರಿಗೆ ಟಿಬಿ ಭಯ ಬೇರೆ.

ಕಾನೂನು ಇಲ್ಲ ಅಂತಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮದಲ್ಲೇ ಸಿಬ್ಬಂದಿಗೆ ಹೆಪಟೈಟಿಸ್ ಬಿ, ಧನುರ್ವಾಯು ಲಸಿಕೆ ಹಾಕಿಸ್ಬೇಕು, ಕೆಲ್ಸಕ್ಕೆ ಸೇರುವಾಗ ಒಂದ್ಸಲ ಆಮೇಲೆ ವರ್ಷಕ್ಕೊಮ್ಮೆಯಾದ್ರೂ ಆರೋಗ್ಯ ತಪಾಸಣೆ ಮಾಡಿಸ್ಬೇಕು ಅಂತ ಇದೆ. ದೊಡ್ಡ ಆಸ್ಪತ್ರೆಗಳಲ್ಲಿ ಸ್ವಲ್ಪ ಮಟ್ಟಿಗೆ ನಡೆಯುತ್ತೆ, ಚಿಕ್ಕ ಲ್ಯಾಬ್‌ಗಳಲ್ಲಿ ಮಾಲೀಕರು ಈ ಹುಡುಗ್ರು ಆರು ತಿಂಗಳಿಗೆ ಬೇರೆ ಕಡೆ ಹೋಗ್ತಾರೆ, ನಾವ್ಯಾಕೆ ಖರ್ಚು ಮಾಡ್ಬೇಕು ಅಂತಾರೆ, ಹುಡುಗ್ರೂ ಕೇಳಲ್ಲ.

ಹಾಗಾಗಿ ಹೆಪಟೈಟಿಸ್ ಬಿ ಲಸಿಕೆ ಕಾಲೇಜಲ್ಲೇ ಆಗ್ಬೇಕು ಅನ್ನೋದು ನನ್ನ ಅಭಿಪ್ರಾಯ. ಇದು ಮೂರು ಡೋಸಿನ ಲಸಿಕೆ, ಮೊದಲ ಡೋಸ್ ಆದ್ಮೇಲೆ ಒಂದು ತಿಂಗಳಿಗೆ ಎರಡನೇದು, ಆರು ತಿಂಗಳಿಗೆ ಮೂರನೇದು. ಡಿಎಂಎಲ್‌ಟಿ (ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ) ಅಡ್ಮಿಷನ್ ದಿನಾನೇ ಮೊದಲ ಡೋಸ್ ಹಾಕಿದ್ರೆ ಆಸ್ಪತ್ರೆ ಲ್ಯಾಬಲ್ಲಿ ಕೆಲಸ ಕಲಿಯೋ ಪೋಸ್ಟಿಂಗ್‌ಗೆ ಹೋಗೋ ಹೊತ್ತಿಗೆ ಮೂರೂ ಮುಗಿಸ್ಬಹುದು. ಕೊನೇ ಡೋಸ್ ಆಗಿ ಒಂದೆರಡು ತಿಂಗಳಿಗೆ ರಕ್ಷಣೆ ಬಂದಿದ್ಯಾ ಅಂತ ನೋಡೋ ಆ್ಯಂಟಿಬಾಡಿ ಟೆಸ್ಟೂ ಮಾಡಿಸ್ಬೇಕು, ಯಾಕಂದ್ರೆ ಕೆಲವರಿಗೆ ಲಸಿಕೆ ಹಿಡಿಯಲ್ಲ. ಈಗಾಗ್ಲೇ ಕೆಲಸದಲ್ಲಿ ಇರೋರಿಗೆ ಜಿಲ್ಲಾ ಆರೋಗ್ಯಾಧಿಕಾರಿಗಳು ತಾಲ್ಲೂಕು ಆಸ್ಪತ್ರೇಲೇ ಉಚಿತವಾಗಿ ಹಾಕಿಸ್ಲಿ, ಲ್ಯಾಬ್‌ಗಳ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ನವೀಕರಣಕ್ಕೆ ಬಂದಾಗ ಸಿಬ್ಬಂದಿಯ ಲಸಿಕೆ ಕಾರ್ಡ್ ಮತ್ತೆ ಸೂಜಿ ಚುಚ್ಚಿದ ರಿಜಿಸ್ಟರ್ ಎರಡೂ ತೋರಿಸಿ ಅಂತ ಕಡ್ಡಾಯವಾಗಿ ಕೇಳ್ಲಿ.

– ಒಬ್ಬ ಲ್ಯಾಬ್ ಟೆಕ್ನಿಷಿಯನ್, ಶಿವಮೊಗ್ಗ ಜಿಲ್ಲೆ