ಹಸ್ತಪ್ರತಿಯನ್ನು ಮೊದಲು ಯಾರ ಕೈಗೆ ಕೊಡುವೆ?

ಧಾರವಾಡ

ಪ್ರೀತಿಯ ಗೆಳೆಯಾ,

ನಿನ್ನ ಪತ್ರವೂ ಅದರ ಜೊತೆಗಿದ್ದ ಕಥೆಗಳ ಕಟ್ಟೂ ತಲುಪಿದವು. ಸಾಹಿತಿಗಳೊಂದಿಗೆ ಸಂವಾದ ಎಂದು ಬ್ಯಾಡಗಿಯಿಂದ ಇಲ್ಲಿಯವರೆಗೆ ಬಂದು, ವೇದಿಕೆಯ ಮೇಲಿದ್ದ ಮೂವರಿಂದ ಮೂರು ಬಗೆಯ ಮಾತು ಕೇಳಿ, ಇದ್ದ ಧೈರ್ಯವನ್ನೂ ಕಳೆದುಕೊಂಡು ಊರು ಸೇರಿದೆ ಎಂದು ಬರೆದಿದ್ದೀಯ. ಒಬ್ಬರು ದಿನವೂ ಬರೆಯಿರಿ ಎಂದರು. ಇನ್ನೊಬ್ಬರು ಒಳಗಿನಿಂದ ಒತ್ತಿಕೊಂಡು ಬರುವವರೆಗೆ ಪೆನ್ನು ಮುಟ್ಟಬೇಡಿ ಎಂದರು. ಮತ್ತೊಬ್ಬರು ಪಂಪನಿಂದ ಹಿಡಿದು ಇಂದಿನವರೆಗೆ ಓದಿಕೊಂಡು ಬನ್ನಿ, ಬರೆಯುವುದು ಆಮೇಲೆ ಎಂದರು. ಇವರಲ್ಲಿ ಯಾರ ಮಾತು ಹಿಡಿಯಲಿ ಎಂದು ಕೇಳಿದ್ದೀಯ. ಜೊತೆಗೆ, ಆ ಮೂವರಲ್ಲಿ ಒಬ್ಬರಿಂದ ನಿನ್ನ ಸಂಕಲನಕ್ಕೆ ಮುನ್ನುಡಿ ಬರೆಸಿಕೊಡು ಎಂದೂ ಕೇಳಿದ್ದೀಯ.

ಮೂವರೂ ತಮ್ಮ ಅನುಭವವನ್ನೇ ಹೇಳಿದ್ದಾರೆ. ಆದರೆ ಲೇಖಕರು ವೇದಿಕೆಯ ಮೇಲೆ ಹೇಳುವುದು ತಾವು ಬರೆದ ಬಗೆಯನ್ನು ಮಾತ್ರ. ಆ ಬರಹ ಅಚ್ಚಾಗುವ ಮೊದಲು ಯಾರು ಓದಿದರು, ಎಲ್ಲಿ ಗೆರೆ ಎಳೆದರು, ಯಾವ ಅಧ್ಯಾಯವನ್ನು ತೆಗೆಸಿದರು ಎಂಬುದು ಅಲ್ಲಿ ಬರುವುದೇ ಇಲ್ಲ. ಹೊಸದಾಗಿ ಬರೆಯುವವರಿಗೆ ತುರ್ತಾಗಿ ಬೇಕಾದದ್ದು ಅದೇ ಎಂದು ನಾನು ನಂಬಿದ್ದೇನೆ. ಹೊಗಳುವ ಹಂಗಿಲ್ಲದ, ಹೊಟ್ಟೆಕಿಚ್ಚೂ ಇಲ್ಲದ ಒಬ್ಬ ಓದುಗ ಸಿಕ್ಕರೆ, ದಿನವೂ ಬರೆಯಬೇಕೋ ವಾರಕ್ಕೊಮ್ಮೆ ಬರೆಯಬೇಕೋ ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಹಾಗಾಗಿ ಮುನ್ನುಡಿಯ ಮಾತನ್ನು ಸದ್ಯಕ್ಕೆ ಬಿಡು. ಬೇಸರ ಮಾಡಿಕೊಳ್ಳಬೇಡ. ಮುನ್ನುಡಿ ಬರೆಯುವವರ ಕೈಗೆ ಪುಸ್ತಕ ಹೋಗುವ ಹೊತ್ತಿಗೆ ಅಕ್ಷರ ಜೋಡಣೆ ಮುಗಿದಿರುತ್ತದೆ, ಕರಡು ತಿದ್ದಿ ಆಗಿರುತ್ತದೆ, ಮುಖಪುಟ ಸಿದ್ಧವಾಗಿರುತ್ತದೆ, ಕೆಲವೊಮ್ಮೆ ಬಿಡುಗಡೆಯ ದಿನವೂ ನಿಗದಿಯಾಗಿರುತ್ತದೆ. ಆಗ ಆ ಹಿರಿಯರು ಏನು ತಾನೆ ಬರೆದಾರು? ಚೊಚ್ಚಲ ಪುಸ್ತಕ, ಬರೆದವನ ಮನಸ್ಸು ನೋಯಬಾರದು ಎಂದು ನಾಲ್ಕು ಒಳ್ಳೆಯ ಮಾತು ಬರೆದು, ಕೊನೆಗೆ ‘ಮುಂದೆ ಇನ್ನಷ್ಟು ಪಕ್ವತೆಯನ್ನು ನಿರೀಕ್ಷಿಸಬಹುದು’ ಎಂದು ಒಂದು ಸಾಲು ಸೇರಿಸುತ್ತಾರೆ. ಅವರಿಗೆ ನಿಜವಾಗಿ ಅನ್ನಿಸಿದ್ದೆಲ್ಲ ಆ ಒಂದು ಸಾಲಿನಲ್ಲಿ ಮುದುಡಿ ಕುಳಿತಿರುತ್ತದೆ. ಅದೇ ಹಿರಿಯರಿಗೆ ಆರು ತಿಂಗಳು ಮೊದಲು ಒಂದೇ ಒಂದು ಕಥೆ ಕೊಟ್ಟು, ಎಲ್ಲಿ ಬೇಸರ ಬಂತು ಹೇಳಿ ಎಂದು ಕೇಳಿದ್ದರೆ ಆ ಸಾಲು ನಾಲ್ಕು ಪುಟವಾಗುತ್ತಿತ್ತು. ನಿನಗೆ ಬೇಕಾದದ್ದು ಆ ನಾಲ್ಕು ಪುಟ.

ನಮ್ಮ ಸೀಮೆಯ ಸಾಹಿತ್ಯ ಬೆಳೆದದ್ದೇ ಹೀಗೆ. ಬೇಂದ್ರೆಯವರ ಸುತ್ತ ಗೆಳೆಯರ ಗುಂಪು ಕಟ್ಟಿಕೊಂಡಾಗ ಅಲ್ಲಿ ಶಂಬಾ ಜೋಶಿ ಇದ್ದರು, ರಂ.ಶ್ರೀ. ಮುಗಳಿ ಇದ್ದರು, ನಿಮ್ಮ ಸವಣೂರಿನಿಂದ ಓದಲು ಬಂದಿದ್ದ ವಿ.ಕೃ. ಗೋಕಾಕರೂ ಇದ್ದರು. ಅಂಥ ಗುಂಪಿನಲ್ಲಿ ಕವಿತೆ ಅಚ್ಚಿಗಿಂತ ಮೊದಲು ಗೆಳೆಯರ ಕಿವಿಗೆ ಬೀಳುತ್ತದೆ, ಅವರ ಮುಖ ನೋಡಿಯೇ ಕವಿಗೆ ಅರ್ಧ ವಿಮರ್ಶೆ ಸಿಕ್ಕಿಬಿಡುತ್ತದೆ. ಆಮೇಲೆ ಸುಭಾಸ ರಸ್ತೆಯ ಅಟ್ಟ. ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯ ಅಟ್ಟವನ್ನು ಎಷ್ಟೋ ಲೇಖಕರು ಹಸ್ತಪ್ರತಿ ಹಿಡಿದುಕೊಂಡು ಹತ್ತಿದ್ದಾರೆ. ಅಲ್ಲಿ ಓದಿ ಹೇಳಲು ವಿಮರ್ಶಕ ಕೀರ್ತಿನಾಥ ಕುರ್ತಕೋಟಿ ಇದ್ದರು. 1961ರಲ್ಲಿ ‘ಯಯಾತಿ’ ಅಲ್ಲಿಂದ ಹೊರಬಂದಾಗ ಗಿರೀಶ ಕಾರ್ನಾಡರಿಗೆ ಇಪ್ಪತ್ತಮೂರರ ಆಸುಪಾಸು. ಮುಂದೆ ಅವರು ‘ತುಘಲಕ್’ ಬರೆದದ್ದರ ಹಿಂದೆಯೂ ಕುರ್ತಕೋಟಿಯವರ ಒಂದು ಮಾತಿತ್ತು. ಇತಿಹಾಸವನ್ನು ಹೊಸ ಕಣ್ಣಿನಿಂದ ನೋಡಿದ ಗಟ್ಟಿ ನಾಟಕ ಕನ್ನಡದಲ್ಲಿ ಬಂದಿಲ್ಲ ಎಂಬ ಅವರ ಕೊರಗೇ ತನ್ನನ್ನು ಇತಿಹಾಸದ ಕಡೆಗೆ ತಿರುಗಿಸಿತು ಎಂದು ಕಾರ್ನಾಡರೇ ಹೇಳಿಕೊಂಡಿದ್ದಾರೆ. ಇಲ್ಲಿ ಗಮನಿಸು, ಕುರ್ತಕೋಟಿ ನಾಟಕ ಬರೆಯುವುದು ಹೇಗೆಂದು ಪಾಠ ಮಾಡಲಿಲ್ಲ. ಏನು ಇಲ್ಲ ಎಂಬುದನ್ನು ತೋರಿಸಿದರು, ಅಷ್ಟೇ. ಒಳ್ಳೆಯ ಓದುಗ ಅಷ್ಟು ಮಾಡಿದರೆ ಸಾಕು.

ಎಲ್ಲರಿಗೂ ಕುರ್ತಕೋಟಿ ಸಿಗುವುದಿಲ್ಲ ಎಂದು ನೀನು ಹೇಳಬಹುದು. ಸಿಗಬೇಕಾಗಿಯೂ ಇಲ್ಲ. ನನ್ನ ಕಥೆಗಳನ್ನು ಮೊದಲು ಓದುವವರು ಮಾಳಮಡ್ಡಿಯ ಒಬ್ಬ ನಿವೃತ್ತ ಮಾಸ್ತರರು. ಜೀವಮಾನದಲ್ಲಿ ಒಂದು ಕಥೆ ಬರೆದವರಲ್ಲ. ಗಣಿತ ಕಲಿಸಿದವರು. ಹಾಳೆಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಪೆನ್ಸಿಲ್ ಹಿಡಿದು, ತುಟಿ ಅಲುಗಿಸುತ್ತ ಓದುತ್ತಾರೆ. ಮನಸ್ಸು ಬೇರೆ ಕಡೆ ಹೋದಲ್ಲಿ ಅಂಚಿನಲ್ಲಿ ಒಂದು ಚುಕ್ಕೆ ಇಡುತ್ತಾರೆ. ಅದಕ್ಕಿಂತ ಹೆಚ್ಚು ಏನನ್ನೂ ಬರೆಯುವುದಿಲ್ಲ. ಚುಕ್ಕೆಗಳಿರುವ ಸಾಲುಗಳನ್ನು ಮನೆಗೆ ತಂದು ನೋಡಿದರೆ, ಅಲ್ಲೆಲ್ಲ ನಾನು ಪಾತ್ರವನ್ನು ಬಿಟ್ಟು ನನ್ನ ವಿಚಾರ ಹೇಳಲು ಹೊರಟಿರುತ್ತೇನೆ. ಆ ಚುಕ್ಕೆಗಳು ನನಗೆ ಕಲಿಸಿದಷ್ಟನ್ನು ಯಾವ ಕಮ್ಮಟವೂ ಕಲಿಸಿಲ್ಲ, ಅವರ ಋಣ ದೊಡ್ಡದು.

ಈಗ ನಿನ್ನ ಮೂರನೆಯ ಕಥೆಗೆ ಬರುತ್ತೇನೆ. ಮೆಣಸಿನಕಾಯಿ ಅಂಗಡಿಯಲ್ಲಿ ತೊಟ್ಟು ಮುರಿಯುವ ಹೆಂಗಸಿನ ಕಥೆ. ‘ಬದುಕೆಂಬ ಸಂತೆಯಲ್ಲಿ ಪ್ರತಿಯೊಬ್ಬರೂ ತಮ್ಮ ನೋವಿನ ಮೂಟೆ ಹೊತ್ತು ನಿಂತಿರುತ್ತಾರೆ’ ಎಂದು ಶುರುವಾಗುತ್ತದೆ. ಮೊದಲ ಪುಟದ ತುಂಬ ಇದೇ ನೋವು, ಇದೇ ನಿಟ್ಟುಸಿರು. ಎರಡನೆಯ ಪುಟದ ನಡುವೆ ಆಕೆ ಬರುತ್ತಾಳೆ. ಮೂಗಿಗೆ ಸೆರಗು ಬಿಗಿದುಕೊಂಡು ರಾಶಿಯ ಮುಂದೆ ಕುಳಿತಿದ್ದಾಳೆ. ತೊಟ್ಟು ಮುರಿದ ಕಾಯಿ ಬಲಕ್ಕೆ, ಬಣ್ಣಗೆಟ್ಟದ್ದು ಎಡಕ್ಕೆ. ಜೋಲಿಯಲ್ಲಿ ಮಲಗಿದ್ದ ಮಗು ಅಳುತ್ತದೆ. ಎತ್ತಿಕೊಳ್ಳಲು ಹೋಗಿ, ತನ್ನ ಕೈ ನೋಡಿಕೊಂಡು, ಹಿಂದಕ್ಕೆ ಸರಿದು, ಮೊಣಕೈಯಿಂದ ಜೋಲಿ ತೂಗುತ್ತಾಳೆ. ಇದನ್ನು ಓದಿ ನಾನು ಹಾಳೆ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಆ ಮೊಣಕೈಯನ್ನು ಕಂಡು ಬರೆದವನಿಗೆ ‘ಬದುಕೆಂಬ ಸಂತೆ’ ಯಾಕೆ ಬೇಕು? ಮೊದಲ ಪುಟವನ್ನು ಪೂರ್ತಿ ತೆಗೆದುಹಾಕು. ಕಥೆ ಸೆರಗು ಬಿಗಿದುಕೊಳ್ಳುವಲ್ಲಿಂದಲೇ ಶುರುವಾಗಲಿ. ಆಕೆಯ ಮಾತುಗಳನ್ನು ನಿಮ್ಮ ಬ್ಯಾಡಗಿಯ ಮಾತಿನಲ್ಲಿಯೇ ಉಳಿಸಿದ್ದೀಯಲ್ಲ, ಅದು ಸರಿಯಾಗಿದೆ, ಯಾರು ಹೇಳಿದರೂ ಅದನ್ನು ಬದಲಿಸಬೇಡ.

ತಿದ್ದುವ ಮಾತು ಬಂದಾಗಲೆಲ್ಲ ನೀನು ಕುಮಾರವ್ಯಾಸನನ್ನು ಮುಂದೆ ಮಾಡುತ್ತೀಯ. ಪದವಿಟ್ಟು ಅಳುಪದ ಅಗ್ಗಳಿಕೆ ಅವನದು, ಬರೆದದ್ದನ್ನು ಅಳಿಸದಿರುವುದೇ ನಿಜವಾದ ಕವಿಯ ಲಕ್ಷಣ ಎಂದು. ಆ ಪದ್ಯವನ್ನು ಪೂರ್ತಿ ಓದು. ಹಲಗೆ ಬಳಪ ಹಿಡಿಯದಿರುವುದೂ ಪರರ ರೀತಿಯನ್ನು ತೆಗೆದುಕೊಳ್ಳದಿರುವುದೂ ಅಲ್ಲಿ ಅದೇ ಉಸಿರಿನಲ್ಲಿ ಬರುತ್ತವೆ. ಪರರ ರೀತಿ ಬೇಡ ಎಂಬ ಮಾತಿಗೆ ನಿನ್ನ ಮೊದಲ ಪುಟ ನಿಲ್ಲುತ್ತದೆಯೇ? ಆ ಸಂತೆ, ಆ ಮೂಟೆ ನೂರು ಕಥೆಗಳಲ್ಲಿ ಬಂದುಹೋದವು. ಇನ್ನೊಂದು ಮಾತು. ಗದುಗಿನ ವೀರನಾರಾಯಣ ಗುಡಿಯಲ್ಲಿ ಕಂಬಕ್ಕೊರಗಿ, ಒದ್ದೆ ಬಟ್ಟೆ ಆರುವವರೆಗೆ ಅವನು ಕಾವ್ಯ ರಚಿಸುತ್ತಿದ್ದ ಎಂದು ಜನ ಹೇಳುತ್ತಾರೆ. ನಮ್ಮ ಕಡೆಯ ಬಿಸಿಲಿಗೆ ಬಟ್ಟೆ ಆರಲು ಎಷ್ಟು ಹೊತ್ತು ಬೇಕು? ಅಷ್ಟು ಸ್ವಲ್ಪ ಹೊತ್ತಿನಲ್ಲಿ ಭಾಮಿನಿ ಷಟ್ಪದಿಯಲ್ಲಿ ಹತ್ತು ಪರ್ವ ಆಗಬೇಕಾದರೆ ಅವನು ಎಷ್ಟು ಬೆಳಗುಗಳಲ್ಲಿ ಮಿಂದು ಬಂದು ಆ ಕಂಬದ ಬಳಿ ಕುಳಿತಿರಬೇಕು! ಕಥೆಯಾದರೂ ಸರಿ, ಅದರೊಳಗೆ ಇರುವುದು ದಿನವೂ ಕುಳಿತ ಕವಿ. ನೀನು ಕೇಳಿದ ಮೊದಲ ಲೇಖಕರ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ಓದಲು ಕೊಡುವಾಗ ‘ಹೇಗಿದೆ?’ ಎಂದು ಕೇಳಬೇಡ. ಚೆನ್ನಾಗಿದೆ ಎಂದೇ ಉತ್ತರ ಬರುತ್ತದೆ. ಎಲ್ಲಿ ನಿಲ್ಲಿಸಿ ಎದ್ದಿರಿ, ಯಾರನ್ನು ನಂಬಲಾಗಲಿಲ್ಲ, ಯಾವುದನ್ನು ಎರಡು ಸಲ ಓದಬೇಕಾಯಿತು ಎಂದು ಕೇಳು. ಅವರು ಹೇಳುವಾಗ ನಡುವೆ ಬಾಯಿ ಹಾಕಿ ನಿನ್ನ ಉದ್ದೇಶವನ್ನು ವಿವರಿಸಬೇಡ. ಪುಸ್ತಕ ಕೊಂಡವರ ಮನೆಗೆ ನೀನು ವಿವರಿಸಲು ಹೋಗುವುದಿಲ್ಲವಲ್ಲ. ಹಾಗೆಂದು ಎಲ್ಲರೂ ಹೇಳಿದಂತೆ ತಿದ್ದಲೂ ಬೇಡ. ಇಬ್ಬರು ಒಂದೇ ಜಾಗದಲ್ಲಿ ಎಡವಿದರೆ ಅಲ್ಲಿ ಏನೋ ತಪ್ಪಿದೆ ಎಂಬುದು ಖಚಿತ, ಅದನ್ನು ಸರಿಪಡಿಸುವ ಬಗೆ ಮಾತ್ರ ನಿನ್ನದೇ. ವಾಟ್ಸ್‌ಆ್ಯಪ್ ಗುಂಪಿಗೆ ಕಥೆ ಹಾಕುತ್ತೀಯಲ್ಲ, ಅಲ್ಲಿ ಬರುವ ಕೈಮುಗಿದ ಚಿತ್ರಗಳಿಂದ ಈ ಕೆಲಸ ಆಗುವುದಿಲ್ಲ.

ಕೆಲಸ ಬಿಟ್ಟು ಪೂರ್ಣಾವಧಿ ಲೇಖಕನಾಗುವ ವಿಚಾರ ಬರೆದಿದ್ದೀಯ. ಬೇಡ. ನೂರೈವತ್ತು ರೂಪಾಯಿಯ ಪುಸ್ತಕ ಸಾವಿರ ಪ್ರತಿ ಖರ್ಚಾಗಿ, ಶೇಕಡಾ ಹತ್ತರಂತೆ ಗೌರವಧನ ಬಂದರೂ ಒಟ್ಟು ಹದಿನೈದು ಸಾವಿರ, ಅದೂ ಎಷ್ಟು ವರ್ಷಕ್ಕೋ. 1932ರಲ್ಲಿ ‘ನರಬಲಿ’ ಕವಿತೆಗಾಗಿ ಸೆರೆಮನೆ ಕಂಡ ಬೇಂದ್ರೆಯವರು ಆಮೇಲೆ ವರ್ಷಗಟ್ಟಲೆ ಕೆಲಸಕ್ಕಾಗಿ ಅಲೆದು, 1944ರಲ್ಲಿ ಸೊಲ್ಲಾಪುರದ ಕಾಲೇಜಿಗೆ ಸೇರಿದರು. ಗದಗ ಸೀಮೆಯ ಹೊಂಬಳದಿಂದ ಬಂದ ಚೆನ್ನವೀರ ಕಣವಿಯವರು ಕರ್ನಾಟಕ ವಿಶ್ವವಿದ್ಯಾಲಯದ ಪ್ರಸಾರಾಂಗದಲ್ಲಿ ದುಡಿಯುತ್ತಲೇ ಕವಿಯಾಗಿದ್ದರು. ಮೂವತ್ತು ದಾಟಿತು, ತಡವಾಯಿತು ಎಂಬ ನಿನ್ನ ಚಿಂತೆಗೆ ನವಲಗುಂದದ ಶ್ರೀನಿವಾಸ ವೈದ್ಯರನ್ನು ನೆನೆದುಕೋ. ಬ್ಯಾಂಕಿನಲ್ಲಿ ನೌಕರಿ ಮಾಡಿದವರು. ‘ಹಳ್ಳ ಬಂತು ಹಳ್ಳ’ ಕಾದಂಬರಿ ಪ್ರಕಟವಾದಾಗ ಅರವತ್ತೈದು ದಾಟಿದ್ದರು. ಅದಕ್ಕೆ 2008ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಹಣ ಕೊಟ್ಟರೆ ತಿಂಗಳೊಳಗೆ ಪುಸ್ತಕ ತಂದುಕೊಡುತ್ತೇವೆ ಎಂದವರಿಗೆ ಇನ್ನೂ ಉತ್ತರಿಸಿಲ್ಲ ತಾನೆ? ಉತ್ತರಿಸಬೇಡ. ಮುದ್ರಣಕ್ಕೆ ಹೆಸರಾದ ಗದಗ ಪಕ್ಕದಲ್ಲೇ ಇದೆ, ನೂರರುವತ್ತು ಪುಟ ಎಂದರೆ ಹದಿನಾರು ಪುಟದ ಹತ್ತು ಫಾರ್ಮು, ಅಚ್ಚು ಹಾಕಿಸುವುದು ಈಗ ದೊಡ್ಡ ಮಾತಲ್ಲ. ಅಚ್ಚಾದ ಮೇಲೆ ಅದನ್ನು ಓದುಗರಿಗೆ ಮುಟ್ಟಿಸುವವರು ಯಾರು ಎಂದು ಕೇಳು, ಅವರು ಮಾತು ಬದಲಿಸುತ್ತಾರೆ. ಮೊದಲು ಎರಡು ಮೂರು ಕಥೆಗಳು ಪತ್ರಿಕೆಗಳಲ್ಲಿ ಬರಲಿ. ಚಂಪಾ ಎಂದೇ ಹೆಸರಾದ ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಕೂಡಿ 1964ರಲ್ಲಿ ಇಲ್ಲಿಂದ ‘ಸಂಕ್ರಮಣ’ ಹೊರಡಿಸಿದಾಗ ಅವರೆಲ್ಲ ಇಪ್ಪತ್ತರ ಹರೆಯದವರು. ಹೊಸಬರಿಗೆ ಜಾಗ ಬೇಕೆಂದು ತಾವೇ ಜಾಗ ಮಾಡಿಕೊಂಡರು. ಸಂಕಲನ ಸಿದ್ಧವಾದ ಮೇಲೆ, ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರ ಕೊಡುವ ಪ್ರೋತ್ಸಾಹಧನಕ್ಕೂ ಅರ್ಜಿ ಹಾಕಬಹುದು.

ಮುಂದಿನ ಭಾನುವಾರ ಬೆಳಗಿನ ರೈಲಿಗೆ ಹುಬ್ಬಳ್ಳಿಗೆ ಬಾ, ಅಲ್ಲಿಂದ ಚಿಗರಿ ಬಸ್ ಹಿಡಿದು ಜುಬಿಲಿ ಸರ್ಕಲ್‌ನಲ್ಲಿ ಇಳಿ, ನಾನು ಬಂದು ಕರೆದುಕೊಂಡು ಹೋಗುತ್ತೇನೆ. ಮೂರನೆಯ ಕಥೆಯನ್ನು ಮೊದಲ ಪುಟ ಬಿಟ್ಟು ಹೊಸದಾಗಿ ಬರೆದುಕೊಂಡು, ಹಾಳೆಯ ಒಂದೇ ಬದಿಗೆ, ಅಂಚಿನಲ್ಲಿ ಜಾಗ ಬಿಟ್ಟು ಮೂರು ಪ್ರತಿ ತೆಗೆಸಿಕೊಂಡು ಬಾ. ಒಂದು ಮಾಸ್ತರರಿಗೆ, ಒಂದು ನನಗೆ, ಇನ್ನೊಂದನ್ನು ನೀನು ಗಟ್ಟಿಯಾಗಿ ಓದಬೇಕು. ಸಾಧ್ಯವಾದರೆ ನಿನ್ನ ಅಕ್ಕನನ್ನೂ ಕರೆದುಕೊಂಡು ಬಾ. ಆ ಅಂಗಡಿಯಲ್ಲಿ ಕೆಲಸ ಮಾಡಿದವರು ನಮ್ಮಲ್ಲಿ ಅವರೊಬ್ಬರೇ. ಓದುವಾಗ ಅವರು ಎಲ್ಲಿ ತಡೆದು ‘ಹಾಗಲ್ಲ’ ಅನ್ನುತ್ತಾರೋ ಅಲ್ಲಿ ಗುರುತು ಹಾಕಿಕೊಳ್ಳೋಣ.

ನಿನ್ನ ಗೆಳೆಯ