ಆ ಸಾಲು ಅವ್ವನದಲ್ಲ

ಚಿ. ಸೌ. ಪುಟ್ಟಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ನಾವು ಕ್ಷೇಮ, ಮಂಡಿನೋವು ಇದ್ದದ್ದೇ. ನೀನು ವಾಟ್ಸಾಪಿನಲ್ಲಿ ಕಳಿಸಿದ, ಅಣ್ಣನ ಕಾಗದಗಳ ಪುಸ್ತಿಕೆಯ ಕರಡನ್ನು ಮಗ ಪ್ರಿಂಟ್ ತೆಗೆಸಿಕೊಟ್ಟ. ಎರಡು ಸಲ ಓದಿದೆ. ಫೋನಿನಲ್ಲಿ ಹೇಳಲು ಹೋದರೆ ಗಂಟಲು ಕಟ್ಟುತ್ತದೆ, ಅದಕ್ಕೇ ಕಾಗದ.

ಅಕ್ಕ ಹೋದ ಮೇಲೆ ಆ ಕಪ್ಪು ಟ್ರಂಕನ್ನು ಗುಜರಿಗೆ ಹಾಕದೆ ತೆರೆದು ನೋಡಿದೆಯಲ್ಲ, ಸಂತೋಷ. ಅದು ಅಣ್ಣನದೇ ಟ್ರಂಕು. 1971ರ ಯುದ್ಧದಲ್ಲಿ ಸತ್ತವರನ್ನು ಬಹುಮಟ್ಟಿಗೆ ಗಡಿಯ ಕಡೆಯೇ ದಹನ ಮಾಡುತ್ತಿದ್ದರು. ಬಾವುಟ ಹೊದಿಸಿದ ಪೆಟ್ಟಿಗೆ ಊರೂರಿಗೆ ಬರುವುದನ್ನು ನಾವೆಲ್ಲ ನೋಡಿದ್ದು ಕಾರ್ಗಿಲ್ ಹೊತ್ತಿಗೆ, 1999ರಲ್ಲಿ. ನಮಗೆ ಬಂದದ್ದು ಟ್ರಂಕು. ಒಳಗೆ ಒಂದು ಸ್ವೆಟರು, ಕ್ಷೌರದ ಸಾಮಾನು, ನಾವು ಬರೆದ ಇನ್‌ಲ್ಯಾಂಡ್ ಲೆಟರುಗಳು. ಮಡಿಸಿ ಬಿಡಿಸಿ ಮಡಿಕೆಯೆಲ್ಲ ಹಳೇ ಬಟ್ಟೆಯಂತೆ ಮೆತ್ತಗಾಗಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ಮುಖಪುಟದಲ್ಲಿ ದಪ್ಪ ಅಕ್ಷರದಲ್ಲಿ "ಮಗನೇ, ತಾಯ್ನಾಡಿಗೆ ನಿನ್ನನ್ನು ಒಪ್ಪಿಸಿದ್ದೇನೆ, ಎದೆಗುಂದಬೇಡ" ಎಂದು ಹಾಕಿ, ಕೆಳಗೆ 'ವೀರಮಾತೆಯ ನುಡಿ' ಎಂದಿದ್ದೀಯ. ಅದನ್ನು ತೆಗೆದುಬಿಡು. ಅದು ಅವ್ವ ಹೇಳಿದ್ದಲ್ಲ.

ನಿನ್ನಜ್ಜಿಗೆ ಓದು ಬರಹ ಇರಲಿಲ್ಲ. ಅವಳು ಹೇಳುವುದು, ಎಂಟನೇ ಕ್ಲಾಸಿನ ನಾನು ಬರೆಯುವುದು. ಆ ನವೆಂಬರಿನಲ್ಲಿ ಯುದ್ಧ ಆಗೇ ಆಗುತ್ತದೆ ಎಂದು ನಮ್ಮ ಕಾಟನ್‌ಪೇಟೆ ವಠಾರದಲ್ಲೆಲ್ಲ ಮಾತು. ಅವ್ವ ಸೊಪ್ಪು ಸೋಸುತ್ತಾ, ತಲೆ ಎತ್ತದೆ ಅಂದಳು: "ರಜಾ ಕೊಡ್ದಿದ್ರೆ ಹೇಳ್ದೆ ಕೇಳ್ದೆ ಬಂದ್ಬುಡು ಅಂತ ಬರಿ. ಜೈಲಿಗೆ ಹಾಕುದ್ರೆ ಹಾಕ್ಲಿ. ಜೈಲಾದ್ರೆ ನಾನು ಬುತ್ತಿ ತಗೊಂಡೋಗಿ ನೋಡ್ಬೋದು."

ನನಗೆ ನಾಚಿಕೆಯಾಯಿತು. ಶಾಲೆಯ ಪ್ರಬಂಧಕ್ಕೆಂದು ಮೇಷ್ಟ್ರು ಬರೆಸಿದ್ದ ಸಾಲು ಬಾಯಿಪಾಠವಿತ್ತು, ಅದನ್ನೇ ಇಳಿಸಿದೆ. "ಬರ್ದ್ಯಾ?" ಅಂದಳು. "ಹ್ಞೂ" ಅಂದೆ. ಅಂಚಿನ ಗೋಂದನ್ನು ಒದ್ದೆ ಮಾಡಿ ಅವಳೇ ಅಂಟಿಸಿದಳು. ಮೇಲೆ 56 ಎ.ಪಿ.ಓ. ಎಂದು ಸೇನೆಯ ಅಂಚೆಯ ವಿಳಾಸ ಬರೆದು ಡಬ್ಬಿಗೆ ಹಾಕಿ ಬಂದೆ.

ಅಣ್ಣ ಹಲಸೂರು ಕೆರೆ ಪಕ್ಕದ ಎಂ.ಇ.ಜಿ.ಯಲ್ಲಿ, ಅಂದರೆ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ, ತರಬೇತಾದ ಸ್ಯಾಪರ್. ನೆಲದಲ್ಲಿ ಹೂತ ಮೈನು ತೆಗೆದು ಟ್ಯಾಂಕುಗಳಿಗೆ ದಾರಿ ಮಾಡುವ ಕೆಲಸ. ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಯಿತು, ಪಶ್ಚಿಮದ ಗಡಿಯಲ್ಲಿ ಗುಂಡು ನಿಂತದ್ದು 17ಕ್ಕೆ. ಅಣ್ಣ ಹೋದದ್ದು 15ಕ್ಕೆ, ಶಕರ್‌ಗಢದ ಕಡೆ. ವಠಾರದಲ್ಲಿ ಪೇಡ ಹಂಚಿದ ಆರನೇ ದಿನ ತಂತಿ ಬಂತು. ಅದನ್ನು ಓದಿ ಹೇಳಿದವನೂ ನಾನೇ.

ಜನವರಿಯಲ್ಲಿ, ತಿಥಿಯೂ ಮುಗಿದ ಮೇಲೆ, ಅಣ್ಣ ನವೆಂಬರ್ ಕೊನೆಗೆ ಕಳಿಸಿದ್ದ 40 ರೂಪಾಯಿ ಮನಿಯಾರ್ಡರು ಬಂತು. ಪೋಸ್ಟ್‌ಮ್ಯಾನು ಹೊಸ್ತಿಲಾಚೆಯೇ ನಿಂತ. ಅವ್ವ ಹೆಬ್ಬೆಟ್ಟು ಒತ್ತಿದಳು. ಆ ಶಾಯಿ ಒರೆಸಿಕೊಳ್ಳದೆ ಸಂಜೆಯವರೆಗೂ ಕೂತಿದ್ದಳು. ಫಾರಮ್ಮಿನ ತುದಿಯ ಕೂಪನ್ನಿನಲ್ಲಿ ಅಣ್ಣ ನನಗೆ ಬರೆದಿದ್ದ: "ಲೇ, ಅದು ಅವ್ವನ ಮಾತಲ್ಲ, ನಿಮ್ಮ ಮೇಷ್ಟ್ರದು. ಮುಂದಿನ ಸಲ ಅವ್ವ ಏನಂತಾಳೋ ಅದನ್ನೇ ಬರಿ." "ಏನ್ ಬರ್ದವ್ನೆ?" ಅಂದಳು ಅವ್ವ. "ಕ್ಷೇಮವಂತೆ" ಅಂದೆ.

ಆ ಕೂಪನ್ನು ನಿನ್ನ ಕರಡಿನಲ್ಲಿಲ್ಲ. 'ಹಣಕಾಸಿನ ಚೀಟಿಗಳನ್ನೂ ಮನೆವಾರ್ತೆಯ ಸಣ್ಣಪುಟ್ಟ ಸಂಗತಿಗಳನ್ನೂ ಬಿಟ್ಟಿದ್ದೇನೆ' ಎಂದಿದ್ದೀಯ. ಬಿಡಬೇಡಮ್ಮ. ಹುರಿಹಿಟ್ಟಿಗೆ ಹುಳ ಬಿದ್ದದ್ದು, ಅಪ್ಪನ ಸಾಲ, ಸ್ವೆಟರಿನ ಜಗಳ ಎಲ್ಲ ಇರಲಿ. ಅಣ್ಣನ ಕಾಗುಣಿತವನ್ನೂ ತಿದ್ದಬೇಡ.

ನೀನು ಚಿಕ್ಕವಳಿದ್ದಾಗ ಬೇಗೂರಿನ ನಾಗೇಶ್ವರ ದೇವಸ್ಥಾನಕ್ಕೆ ಹೋಗಿದ್ದೆವು, ಜ್ಞಾಪಕವಿದೆಯಾ? ಬೆಂಗಳೂರೆಂಬ ಹೆಸರು ಸಿಗುವ ಬಹು ಹಳೆಯ ಕಲ್ಲು ಅಲ್ಲಿದೆ, ಸುಮಾರು ಸಾವಿರದ ನೂರು ವರ್ಷದ್ದು. ಅದೂ ಕಾಳಗದಲ್ಲಿ ಸತ್ತವನ ಕಲ್ಲೇ. ಬೆಂಗಳೂರು ಕಾಳಗದಲ್ಲಿ ಇಂಥವನು ಸತ್ತ ಎಂದಿದೆ. ಅವನ ತಾಯಿ ಏನಂದಳೆಂದು ಇಲ್ಲ. ಕೆತ್ತುವವನಿಗೆ ಜಾಗ ಸಾಲಲಿಲ್ಲವೋ, ನನ್ನ ಹಾಗೆ ನಾಚಿಕೆಯಾಯಿತೋ.

ಭಾನುವಾರ ಬಾ. ಕೂಪನ್ನು ಹುಡುಕಿ ತಾ, ಅವ್ವ ಅದನ್ನು ಸ್ವೆಟರಿನೊಳಗೆ ಇಟ್ಟಿದ್ದಳು. ಅವಳು ಹೇಳಿದ್ದನ್ನು ಹೇಳುತ್ತೇನೆ, ಕೂತು ಬರೆದುಕೋ. 'ಬಂದ್ಬುಡು' ಅನ್ನುವುದನ್ನು 'ಬಂದುಬಿಡು' ಮಾಡಬೇಡ. ಮುಖಪುಟಕ್ಕೆ ಬೇಡವೆನಿಸಿದರೆ ಒಳಗೆಲ್ಲಾದರೂ ಹಾಕು, ಕೂಪನ್ನಿನ ಪಕ್ಕದಲ್ಲಿರಲಿ.

ಇತಿ,
ನಿನ್ನ ಮಾವ