ವಲಸಿಗ ಏಷ್ಯನ್ನರ ಕಾದಂಬರಿಗಳು ಕನ್ನಡಕ್ಕೂ ಬರಲಿ

ಮಾನ್ಯರೇ,

ಚೀನಾ ಮತ್ತು ಏಷ್ಯಾದ ಇತರ ದೇಶಗಳಿಂದ ವಲಸೆ ಹೋದ ಕುಟುಂಬಗಳ ಲೇಖಕರು ಇಂಗ್ಲಿಷಿನಲ್ಲಿ ಬರೆಯುತ್ತಿರುವ ಕಾದಂಬರಿಗಳತ್ತ ನಮ್ಮ ಓದುಗರ ಗಮನ ಹರಿಯಬೇಕಿದೆ. ಕೆನಡಾದ ಮೆಡೆಲೀನ್ ಥಿಯೆನ್ ಅವರ ‘ಡು ನಾಟ್ ಸೇ ವಿ ಹ್ಯಾವ್ ನಥಿಂಗ್’ (2016), ಶಾಂಘೈ ಸಂಗೀತ ವಿದ್ಯಾಲಯದ ಮೂವರು ಸಂಗೀತಗಾರರ ಬದುಕು ಚೀನಾದ ಸಾಂಸ್ಕೃತಿಕ ಕ್ರಾಂತಿಯಲ್ಲಿ (ಹಳೆಯ ಹಾಗೂ ಪಾಶ್ಚಾತ್ಯ ಸಂಸ್ಕೃತಿಯನ್ನು ಹತ್ತಿಕ್ಕಲು ಮಾವೋ ನಡೆಸಿದ ಅಭಿಯಾನ) ಛಿದ್ರಗೊಂಡ ಕಥೆಯನ್ನು ಹೇಳುತ್ತ 1989ರಲ್ಲಿ ಬೀಜಿಂಗ್‌ನ ತಿಯಾನನ್‌ಮೆನ್ ಚೌಕದಲ್ಲಿ ನಡೆದ ವಿದ್ಯಾರ್ಥಿ ಪ್ರತಿಭಟನೆಯವರೆಗೂ ಸಾಗುತ್ತದೆ. ತಾವು ಪ್ರೀತಿಸಿದ ಪಾಶ್ಚಾತ್ಯ ಸಂಗೀತವೇ ಅಪರಾಧವೆನಿಸಿದಾಗ ಆ ಕಲಾವಿದರು ಅನುಭವಿಸುವ ಸಂಕಟವನ್ನು ಅಷ್ಟು ಆಳವಾಗಿ ಚಿತ್ರಿಸಿದ ಬೇರೆ ಕೃತಿಯನ್ನು ನಾನು ಓದಿಲ್ಲ. ಜಪಾನಿನಲ್ಲಿ ನೆಲೆಸಿದ ಕೊರಿಯನ್ ಕುಟುಂಬದ ನಾಲ್ಕು ತಲೆಮಾರುಗಳನ್ನು ಕುರಿತ ಮಿನ್ ಜಿನ್ ಲೀ ಅವರ ‘ಪಚಿಂಕೊ’ (2017) ಕೂಡ ಉಲ್ಲೇಖಾರ್ಹ. ಇಂಥ ಕೃತಿಗಳನ್ನು ಸಾರ್ವಜನಿಕ ಗ್ರಂಥಾಲಯ ಇಲಾಖೆಯು ಖರೀದಿಸಬೇಕು. ಕುವೆಂಪು ಭಾಷಾ ಭಾರತಿ ಪ್ರಾಧಿಕಾರವು ಇವುಗಳ ಕನ್ನಡ ಅನುವಾದಕ್ಕೆ ಮುಂದಾಗಬೇಕೆಂದು ವಿನಂತಿಸುತ್ತೇನೆ.

– ಒಬ್ಬ ಓದುಗ, ಶಿವಮೊಗ್ಗ